ಹಳೆಯ ಹಿತ್ತಾಳೆಗೆ ಹೊಸ ಅಳತೆ: .30-06 ಕೇಸ್‌ನಿಂದ 8×57 ಮಾಡುವುದು ಹೇಗೆ?

ಕಾಡತೂಸಿನಲ್ಲಿ ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಒಂದೇ ಸಲಕ್ಕೆ ಮುಗಿಯುತ್ತದೆ. ಉಳಿಯುವುದು ಹಿತ್ತಾಳೆಯ ಕೇಸ್ ಮಾತ್ರ. ಮರುತುಂಬುವ ಹವ್ಯಾಸವೇ ನಿಂತಿರುವುದು ಆ ಉಳಿಕೆಯ ಮೇಲೆ. ಆದರೆ ನಿಮ್ಮ ರೈಫಲ್‌ಗೆ ಬೇಕಾದ ಕೇಸ್ ಸಿಗದೆ, ಬೇರೊಂದು ಅಳತೆಯದು ರಾಶಿಗಟ್ಟಲೆ ಬಿದ್ದಿದ್ದರೆ? ಒಂದನ್ನು ಇನ್ನೊಂದನ್ನಾಗಿ ಮಾರ್ಪಡಿಸಬಹುದು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಜರ್ಮನ್ ಮೌಸರ್ ರೈಫಲ್‌ಗಳನ್ನು ಊರಿಗೆ ತಂದಾಗ ಇದೇ ದಾರಿ ನೆರವಿಗೆ ಬಂತು. ಅಲ್ಲಿ .30-06 ಸ್ಪ್ರಿಂಗ್‌ಫೀಲ್ಡ್ ಕೇಸ್‌ಗಳಿಗೆ ಬರವಿರಲಿಲ್ಲ, ಅವುಗಳಿಂದ 8×57 ಮೌಸರ್ ಕೇಸ್ ತಯಾರಿಸುವುದು ವಾಡಿಕೆಯಾಯಿತು. ಈ ಕಸುಬನ್ನು ಕಲಿಯುವವರಿಗೆ ಇಂದಿಗೂ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಾಗಾಗಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಮೊದಲು ಕಾನೂನು. ಮರುತುಂಬುವ ಹಕ್ಕು, ಅದಕ್ಕೆ ಬೇಕಾದ ಪರವಾನಗಿ ದೇಶದಿಂದ ದೇಶಕ್ಕೆ ಬೇರೆ. ಕೆಲವೆಡೆ ಖಾಲಿ ಕೇಸ್ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು. ಅದು ಖಚಿತವಾಗದೆ ಸಲಕರಣೆಗೆ ಕೈ ಹಾಕಬಾರದು.

ಯಾವುದರಿಂದ ಯಾವುದು?

ಕೇಸ್‌ನ ತಳವನ್ನು ಬದಲಿಸಲಾಗುವುದಿಲ್ಲ. ಅಲ್ಲಿ ಹಿತ್ತಾಳೆ ದಪ್ಪ ಮತ್ತು ಗಡುಸು. ಸ್ಫೋಟದ ಒತ್ತಡವನ್ನು ತಡೆಯುವ ಭಾಗವೂ ಅದೇ. ಆದ್ದರಿಂದ ಎರಡೂ ಕೇಸ್‌ಗಳ ರಿಮ್ (ತಳದ ಅಂಚಿನ ಬಳೆ) ಮತ್ತು ತಳದ ವ್ಯಾಸ ಹೊಂದಬೇಕು. .30-06 ಮತ್ತು 8×57 ಎರಡರ ರಿಮ್ ವ್ಯಾಸವೂ 12 ಮಿಲಿಮೀಟರ್‌ನ ಆಸುಪಾಸು. ಪ್ರೆಸ್‌ನ ಶೆಲ್ ಹೋಲ್ಡರ್ (ಕೇಸ್ ಒತ್ತುವ ಆ ಯಂತ್ರದಲ್ಲಿ ತಳವನ್ನು ಹಿಡಿಯುವ ತುಂಡು) ಕೂಡ ಎರಡಕ್ಕೂ ಒಂದೇ ಸಾಕು.

ಎರಡನೆಯದು ಉದ್ದ. ಉದ್ದದ ಕೇಸ್ ಅನ್ನು ಗಿಡ್ಡ ಮಾಡಬಹುದು, ಗಿಡ್ಡದ್ದನ್ನು ಉದ್ದ ಮಾಡಲಾಗದು. .30-06 ಕೇಸ್ 63.35 ಮಿ.ಮೀ., ನಮಗೆ ಬೇಕಾದದ್ದು 57 ಮಿ.ಮೀ. ಬೇಕಾದಷ್ಟು ಅವಕಾಶವಿದೆ. ಅದೇ .30-06ನಿಂದ .270 ವಿಂಚೆಸ್ಟರ್ ಮಾಡಹೊರಟರೆ ಕೇಸ್ ಸುಮಾರು ಒಂದು ಮಿಲಿಮೀಟರ್ ಗಿಡ್ಡವಾಗುತ್ತದೆ. ಎರಡೂ ಒಂದೇ ಮನೆತನದವು ಎಂಬ ಮಾತನ್ನು ನಂಬಿ ಕ್ಯಾಲಿಪರ್ ಬದಿಗಿಡಬಾರದು ಎನ್ನುವುದು ಇದಕ್ಕೇ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಗೋಡೆಯ ದಪ್ಪ. ಈ ಕೆಲಸದ ಜೀವಾಳ ಅಲ್ಲಿದೆ ಎಂದು ನಾನು ನಂಬಿದ್ದೇನೆ. ಹೊರ ಆಕಾರವನ್ನು ಡೈ, ಅಂದರೆ ಉಕ್ಕಿನ ಅಚ್ಚು, ಕೊಡುತ್ತದೆ, ಯಾರು ಪ್ರೆಸ್ ಎಳೆದರೂ ಅದು ಬರುತ್ತದೆ. ಒಳಗಿನ ದಪ್ಪವನ್ನು ಮಾತ್ರ ಅಳೆದೇ ತಿಳಿಯಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಆರಿಸುವುದು, ತೊಳೆಯುವುದು

ಒಂದೇ ಕಂಪನಿಯ, ಒಂದೇ ಸಲ ತಯಾರಾದ ಕೇಸ್‌ಗಳನ್ನು ಆರಿಸಿಕೊಳ್ಳಿ. ಸೇನೆಯ ಕೇಸ್‌ಗಳ ಗೋಡೆ ಎಷ್ಟೋ ಸಲ ದಪ್ಪವಾಗಿರುತ್ತದೆ, ಪ್ರೈಮರ್ ಗುಂಡಿಯ ಅಂಚನ್ನು ಒಳಕ್ಕೆ ಒತ್ತಿರುತ್ತಾರೆ. ಬಳಸಬಹುದು, ಆದರೆ ಬೇರೆಯವುಗಳ ಜತೆ ಬೆರೆಸಬಾರದು. ಉಕ್ಕಿನ ಮತ್ತು ಅಲ್ಯೂಮಿನಿಯಂ ಕೇಸ್‌ಗಳು ಈ ಕೆಲಸಕ್ಕೆ ಬೇಡವೇ ಬೇಡ.

ತಳದಿಂದ ಸ್ವಲ್ಪ ಮೇಲೆ, ಒಡಲಿನ ಸುತ್ತ ಹೊಳಪಿನ ಉಂಗುರದಂಥ ಗೆರೆ ಕಂಡರೆ ಆ ಕೇಸ್ ಅಲ್ಲಿಯೇ ತುಂಡಾಗಲು ಸಿದ್ಧವಾಗುತ್ತಿದೆ ಎಂದರ್ಥ. ತೆಳು ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಬಾಯಿಯ ಮೂಲಕ ಇಳಿಸಿ, ಒಳಗೋಡೆಗೆ ಒತ್ತಿಕೊಂಡು ಮೆಲ್ಲನೆ ಮೇಲಕ್ಕೆ ಎಳೆಯಿರಿ. ಗೋಡೆ ಸವೆದಿದ್ದರೆ ತಂತಿ ಒಂದು ಸಣ್ಣ ಹಳ್ಳಕ್ಕೆ ಬಿದ್ದು ಎದ್ದ ಅನುಭವ ಬೆರಳಿಗೆ ಬರುತ್ತದೆ. ಅಂಥ ಕೇಸ್ ನೇರ ಗುಜರಿಗೆ.

ಸಿಡಿಯದ ಪ್ರೈಮರ್ ಇರುವ ಕೇಸ್ ಅನ್ನು ಕತ್ತರಿಸಬಾರದು, ಕಾಯಿಸಲಂತೂ ಬಾರದು. ಸಿಡಿದ ಪ್ರೈಮರ್ ತೆಗೆಯುವಾಗಲೂ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಕೆಲಸ ಮುಗಿದ ಕೂಡಲೇ ಕೈ ತೊಳೆಯಿರಿ. ಆ ಮಸಿಯಲ್ಲಿ ಸೀಸ ಇರುತ್ತದೆ.

ಹೊಳಪು ಬರಿಸಲು ಅಮೋನಿಯಾ ಇರುವ ಪಾಲಿಶ್ ಬಳಸಬೇಡಿ. ಇದರ ಹಿಂದೆ ದೊಡ್ಡ ಕಥೆಯಿದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಮಳೆ ಮುಗಿದ ಮೇಲೆ ಹೊರತೆಗೆದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆಗಳ ಮೂತ್ರದಿಂದ ಹೊಮ್ಮುವ ಅಮೋನಿಯಾ, ತೇವ, ಮತ್ತು ತಯಾರಿಕೆಯ ವೇಳೆ ಲೋಹದೊಳಗೆ ಉಳಿದುಹೋದ ಬಿಗಿತ, ಮೂರೂ ಕೂಡಿ ಹಿತ್ತಾಳೆಯನ್ನು ಸೀಳುತ್ತಿದ್ದವು. ನಾವೀಗ ಮಾಡಹೊರಟಿರುವುದೂ ಹಿತ್ತಾಳೆಯನ್ನು ಒತ್ತಿ ಬಗ್ಗಿಸುವ ಕೆಲಸವೇ, ಅಂದರೆ ಅದರೊಳಗೆ ಅದೇ ಬಿಗಿತವನ್ನು ತುಂಬುವ ಕೆಲಸ.

ಕತ್ತರಿಸುವುದು

ಮೊದಲು ಒರಟಾಗಿ 58 ಮಿ.ಮೀ.ಗೆ ಕತ್ತರಿಸಿ. ಇದಕ್ಕಾಗಿಯೇ ಗಡಸು ಉಕ್ಕಿನ ಟ್ರಿಮ್ ಡೈಗಳಿವೆ. ಕೇಸ್ ಅನ್ನು ಅದರೊಳಗೆ ತಳ್ಳಿ, ಮೇಲೆ ಇಣುಕುವ ಭಾಗವನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಬೇಕು. ಹೆಚ್ಚು ಕೇಸ್‌ಗಳಿದ್ದರೆ ಪುಟ್ಟ ವಿದ್ಯುತ್ ಗರಗಸಕ್ಕೆ ಅಳತೆಯ ಹಿಡಿಕೆ ಜೋಡಿಸಿಕೊಳ್ಳುವುದು ಮೇಲು. ಹಿತ್ತಾಳೆಯ ಪುಡಿ ಕಣ್ಣಿಗೆ ಹಾರುತ್ತದೆ, ಕನ್ನಡಕ ಕಡ್ಡಾಯ. ಬಾಯಂಚಿನ ಒಳಗೂ ಹೊರಗೂ ಉಳಿದ ಚೂಪು ಸಿಪ್ಪೆಯನ್ನು ಕೆರೆದು ತೆಗೆಯಿರಿ. ಅದು ಉಳಿದರೆ ಡೈಯೊಳಗೆ ಗೀರು ಬೀಳುತ್ತದೆ, ಡೈ ಕೆಟ್ಟರೆ ಮುಂದಿನ ಪ್ರತಿ ಕೇಸ್ ಮೇಲೂ ಅದೇ ಗೀರು.

ಕಾಯಿಸಿ ಹದಗೊಳಿಸುವುದು

ಕೇಸ್ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಈ ಲೋಹವನ್ನು ಬಗ್ಗಿಸಿದಷ್ಟೂ ಗಡುಸಾಗುತ್ತದೆ, ಗಡುಸಾದದ್ದನ್ನು ಮತ್ತೆ ಬಗ್ಗಿಸಿದರೆ ಸೀಳುತ್ತದೆ. ಕಾಯಿಸಿದರೆ ಒಳಗಿನ ಹರಳುಗಳು ಹೊಸದಾಗಿ ಕೂಡಿಕೊಂಡು ಲೋಹ ಮೆತ್ತಗಾಗುತ್ತದೆ. ನಮಗೆ ಮೆತ್ತಗಾಗಬೇಕಾದದ್ದು ಗುಂಡನ್ನು ಹಿಡಿಯುವ ಕುತ್ತಿಗೆ ಮತ್ತು ಅದರ ಕೆಳಗೆ ಒಡಲು ಕಿರಿದಾಗುವ ಹೆಗಲು ಮಾತ್ರ. ತಳ ಮೆತ್ತಗಾದರೆ ಗುಂಡು ಹಾರಿಸಿದಾಗ ಅದು ಒತ್ತಡ ತಡೆಯದೆ ಬಿರಿಯುತ್ತದೆ, ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ನುಗ್ಗುತ್ತದೆ. ಇಡೀ ಕೇಸ್ ಅನ್ನು ಒಲೆಯಲ್ಲಿಟ್ಟು ಕಾಯಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ.

ಸರಿಯಾದ ಕ್ರಮ ಹೀಗೆ. ಕೇಸ್‌ನ ಕೆಳಭಾಗ ಮುಳುಗುವಂಥ ಸಾಕೆಟ್ ಒಂದನ್ನು ನಿಧಾನವಾಗಿ ತಿರುಗುವ ಡ್ರಿಲ್‌ಗೆ ಸಿಕ್ಕಿಸಿ, ಅದರಲ್ಲಿ ಕೇಸ್ ಕೂರಿಸಿ. ಪ್ರೊಪೇನ್ ಟಾರ್ಚ್‌ನ ಒಳ ನೀಲಿ ಜ್ವಾಲೆಯ ತುದಿಯನ್ನು ಕುತ್ತಿಗೆ ಮತ್ತು ಹೆಗಲು ಸೇರುವಲ್ಲಿಗೆ ಹಿಡಿಯಿರಿ. ನಿಗದಿತ ಉಷ್ಣತೆಯಲ್ಲಿ ಕರಗುವ ಬಣ್ಣದ ದ್ರವಗಳು ಸಿಗುತ್ತವೆ. ಸುಮಾರು 400 ಡಿಗ್ರಿ ಸೆಲ್ಸಿಯಸ್‌ನದ್ದನ್ನು ಕುತ್ತಿಗೆಯ ಒಳಗೆ, ಸುಮಾರು 245 ಡಿಗ್ರಿಯದ್ದನ್ನು ಒಡಲಿನ ಮೇಲೆ ಹೆಗಲಿಗಿಂತ ಕೆಳಗೆ ಹಚ್ಚಿ. ಕುತ್ತಿಗೆಯದು ಕರಗಬೇಕು, ಒಡಲಿನದು ಕರಗಬಾರದು. ಕೆಲವೇ ಸೆಕೆಂಡುಗಳ ಕೆಲಸ. ಹಿತ್ತಾಳೆ ಹೊಳಪು ಕಳೆದುಕೊಂಡು, ನೀಲಿ ಛಾಯೆಯೊಂದು ಬಾಯಿಯಿಂದ ಹೆಗಲಿನತ್ತ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಕಡುಗೆಂಪಾಗಿ ಉರಿಯುವವರೆಗೆ ಕಾಯಬೇಡಿ.

ತೆಗೆದ ಕೂಡಲೇ ನೀರಿಗೆ ಹಾಕಬಹುದು. ಉಕ್ಕಿನಂತೆ ಹಿತ್ತಾಳೆ ನೀರಿಗೆ ಬಿದ್ದರೆ ಗಡುಸಾಗುವುದಿಲ್ಲ. ನೀರಿನಿಂದ ಆಗುವ ಉಪಯೋಗ ಶಾಖ ತಳದ ಕಡೆ ಹರಿಯದಂತೆ ತಡೆಯುವುದಷ್ಟೇ. ಆಮೇಲೆ ಪೂರ್ತಿ ಒಣಗಿಸಿ.

ಡೈಗೆ ಕೊಡುವುದು

ಕೇಸ್‌ಗೆ ಲೂಬ್ರಿಕಂಟ್ ಹಚ್ಚಿ, ಪೂರ್ಣ ಉದ್ದದ 8×57 ಸೈಜಿಂಗ್ ಡೈಯೊಳಗೆ ತಳ್ಳಿ. ಒಂದೇ ಉಸಿರಿಗೆ ಎಳೆಯಬೇಡಿ. ಸ್ವಲ್ಪ ತಳ್ಳಿ, ಹಿಂತೆಗೆದು, ಮತ್ತೆ ಸ್ವಲ್ಪ ತಳ್ಳಿ. ಲೂಬ್ರಿಕಂಟ್ ಕಡಿಮೆಯಾದರೆ ಕೇಸ್ ಡೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ಹೆಗಲಿನ ಮೇಲೆ ತಗ್ಗು ಬೀಳುತ್ತದೆ, ಏಕೆಂದರೆ ಸಿಕ್ಕಿಬಿದ್ದ ಎಣ್ಣೆ ಎಲ್ಲಿಗೂ ಹೋಗಲಾರದೆ ಮೆತ್ತನೆಯ ಲೋಹವನ್ನೇ ಒಳಕ್ಕೆ ಒತ್ತುತ್ತದೆ. ಒಡಲಿಗೆ ಧಾರಾಳ, ಹೆಗಲಿಗೆ ಬೆರಳಿನ ಪಸೆಯಷ್ಟು ಮಾತ್ರ.

ಇಲ್ಲಿ ನಡೆಯುವುದನ್ನು ಗಮನಿಸಿ. .30-06ರ ಹೆಗಲು ತಳದಿಂದ 49.5 ಮಿ.ಮೀ. ಎತ್ತರದಲ್ಲಿ ಶುರುವಾಗುತ್ತದೆ, ಕುತ್ತಿಗೆ ಸುಮಾರು 53.6ರಲ್ಲಿ. 8×57ರ ಕುತ್ತಿಗೆ ಶುರುವಾಗುವುದೇ 48.6ರ ಸುಮಾರಿಗೆ. ಅಂದರೆ ಹೊಸ ಕುತ್ತಿಗೆಯ ಬುಡ ಹಿಂದೆ ಒಡಲಾಗಿತ್ತು, ನಡುಭಾಗ ಹೆಗಲಾಗಿತ್ತು, ಮೇಲಿನ ಮೂರು ಮಿಲಿಮೀಟರ್ ಚಿಲ್ಲರೆ ಮಾತ್ರ ಹಳೆಯ ಕುತ್ತಿಗೆ. ಕೇಸ್‌ನ ಗೋಡೆ ಕೆಳಕ್ಕೆ ಇಳಿದಂತೆ ದಪ್ಪವಾಗುತ್ತದೆ, ದೊಡ್ಡ ಸುತ್ತಳತೆಯನ್ನು ಸಣ್ಣದಕ್ಕೆ ಹಿಂಡಿದಾಗ ಇನ್ನಷ್ಟು ದಪ್ಪವಾಗುತ್ತದೆ.

ಅಳೆಯುವುದು, ಸವರುವುದು

ಕಾಡತೂಸುಗಳ ಅಳತೆ ನಿಗದಿಪಡಿಸುವ ಯುರೋಪಿನ ಸಿಐಪಿ ಸಂಸ್ಥೆಯ ಮಾನದಂಡದಂತೆ, ಗುಂಡು ಕೂರಿಸಿದ 8×57 ಐಎಸ್ (ದೊಡ್ಡ ಗುಂಡಿನ ಬಗೆ) ಕಾಡತೂಸಿನ ಕುತ್ತಿಗೆಯ ಗರಿಷ್ಠ ಹೊರವ್ಯಾಸ 9.08 ಮಿ.ಮೀ., ಗುಂಡಿನದು 8.22. ಕಳೆದು ಅರ್ಧ ಮಾಡಿದರೆ ಗೋಡೆಗೆ ಉಳಿಯುವುದು 0.43 ಮಿ.ಮೀ. ಅದು ಮೇಲಿನ ಮಿತಿ. ಗೋಡೆ 0.48 ಆಯಿತೆನ್ನಿ, ಕುತ್ತಿಗೆ 9.18ಕ್ಕೆ ಹೋಗುತ್ತದೆ. ಕುತ್ತಿಗೆ ಚೇಂಬರ್ (ರೈಫಲ್ ಒಳಗೆ ಕಾಡತೂಸು ಕೂರುವ ಗೂಡು) ಗೋಡೆಗೆ ಒತ್ತಿಕೊಂಡರೆ ಗುಂಡನ್ನು ಬಿಟ್ಟುಕೊಡಲು ಜಾಗವೇ ಇರುವುದಿಲ್ಲ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಹೊರಗಿನಿಂದ ನೋಡಿದರೆ ಕೇಸ್ ಮಾತ್ರ ಅಚ್ಚುಕಟ್ಟಾಗಿಯೇ ಇರುತ್ತದೆ.

ಗೋಡೆಯನ್ನು ಅಳೆಯಲು ವರ್ನಿಯರ್ ಸಾಲದು, ಅದರ ಚಪ್ಪಟೆ ಬಾಯಿ ಒಳಗಿನ ಬಾಗಿಗೆ ಕೂರುವುದಿಲ್ಲ. ತುದಿಯಲ್ಲಿ ಗುಂಡಗಿನ ಮಣಿಯಿರುವ ಮೈಕ್ರೋಮೀಟರ್ ಬೇಕು. ಸುತ್ತಲೂ ನಾಲ್ಕು ಕಡೆ, ಬಾಯಿಯ ಹತ್ತಿರವೂ ಬುಡದ ಹತ್ತಿರವೂ ಅಳೆಯಿರಿ. ಹೆಚ್ಚಿದ್ದರೆ ಕುತ್ತಿಗೆಯ ಹೊರಮೈಯನ್ನು ನೆಕ್ ಟರ್ನಿಂಗ್ ಸಲಕರಣೆಯಿಂದ ಸವರಿ. ಬುಡದಲ್ಲಿ ಒಳಕ್ಕೆ ಉಬ್ಬಿದ ಉಂಗುರ ಉಳಿದಿದ್ದರೆ ಅದನ್ನು ರೀಮರ್‌ನಿಂದ ತೆಗೆಯಬೇಕು, ಹೊರಗಿನ ಸವರುವಿಕೆ ಅದನ್ನು ಮುಟ್ಟುವುದಿಲ್ಲ.

ನಿಮ್ಮ ರೈಫಲ್‌ನಲ್ಲೇ ಹಾರಿಸಿದ ಕಾರ್ಖಾನೆ ಕಾಡತೂಸಿನ ಖಾಲಿ ಕೇಸ್ ಇದ್ದರೆ ಅದರ ಕುತ್ತಿಗೆಯ ಹೊರವ್ಯಾಸ ನೋಡಿಕೊಳ್ಳಿ. ನೀವು ಗುಂಡು ಕೂರಿಸಿದ ಕಾಡತೂಸಿನ ಕುತ್ತಿಗೆ ಅದಕ್ಕಿಂತ ಕನಿಷ್ಠ 0.05 ಮಿ.ಮೀ. ಸಣ್ಣದಿರಬೇಕು. ಮಾರ್ಪಡಿಸಿದ ಕೇಸ್ ಅನ್ನು ಮೊದಲ ಸಲ ಹಾರಿಸಿದ ಮೇಲೆ ಹೊಸ ಗುಂಡೊಂದನ್ನು ಅದರ ಬಾಯಿಗೆ ಇಟ್ಟು ನೋಡಿ. ತಡೆಯಿಲ್ಲದೆ ಒಳಗೆ ಇಳಿದರೆ ಸರಿ. ಬಾಯಲ್ಲೇ ನಿಂತರೆ ಉಳಿದವನ್ನು ಹಾರಿಸಬೇಡಿ.

ಕೊನೆಯ ಉದ್ದ, ಚೇಂಬರ್ ಪರೀಕ್ಷೆ

ಈಗ 56.8 ಮಿ.ಮೀ.ಗೆ ಅಂತಿಮವಾಗಿ ಕತ್ತರಿಸಿ. 57ನ್ನು ಮೀರುವಂತಿಲ್ಲ. ಲೂಬ್ರಿಕಂಟ್ ತೊಳೆದು, ಪ್ರೈಮರ್ ಆಗಲಿ ಮದ್ದಾಗಲಿ ಇಲ್ಲದ ಖಾಲಿ ಕೇಸ್ ಅನ್ನು ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ. ಜೋರು ಮಾಡದೆ ಮುಚ್ಚಬೇಕು. ಹೆಗಲು ತೀರ ಹಿಂದೆ ಹೋಗಿದೆಯೇ ಎಂಬುದು ಬೋಲ್ಟ್‌ನಿಂದ ಗೊತ್ತಾಗದು, ಹೆಗಲಿನ ಸ್ಥಾನ ಅಳೆಯುವ ಕೇಸ್ ಗೇಜ್ ಬೇಕೇ ಬೇಕು. ಹೆಗಲು ಹಿಂದಾದರೆ ಕೇಸ್ ಪ್ರತಿ ಸಲ ಹಿಗ್ಗಿ, ಆರಂಭದಲ್ಲಿ ಹೇಳಿದ ಆ ಹೊಳಪಿನ ಉಂಗುರ ಮೂಡುತ್ತದೆ.

ರೈಫಲ್ ಬಗ್ಗೆಯೂ ಒಂದು ಎಚ್ಚರಿಕೆ. 1888ರ ಮೂಲ ವಿನ್ಯಾಸದ ಗುಂಡಿನ ವ್ಯಾಸ ಸುಮಾರು 8.08 ಮಿ.ಮೀ., 1905ರ ಹೊಸ ಗುಂಡಿನದು ಸುಮಾರು 8.2. ಕೇಸ್ ಒಂದೇ ಬಗೆಯದಾದರೂ ಹಳೆಯ ನಳಿಕೆಗೆ ದೊಡ್ಡ ಗುಂಡು ಹಾಕುವುದು ಅಪಾಯ. ನಳಿಕೆ ಯಾವುದೆಂದು ಬಂದೂಕು ಕುಶಲಕರ್ಮಿಯಿಂದ ಅಳೆಸಿಕೊಳ್ಳಿ.

ಮದ್ದಿನ ಪ್ರಮಾಣವನ್ನು ನಾನು ಇಲ್ಲಿ ಬರೆಯುವುದಿಲ್ಲ. ಮದ್ದು ಮತ್ತು ಗುಂಡು ತಯಾರಕರು ಪ್ರಕಟಿಸಿದ ಕೈಪಿಡಿಯೊಂದೇ ಅದಕ್ಕೆ ಆಧಾರ, ಶುರುಮಾಡಬೇಕಾದದ್ದು ಅದರ ಕನಿಷ್ಠ ಪ್ರಮಾಣದಿಂದ. ಗೋಡೆ ದಪ್ಪವಿರುವ ಕೇಸ್‌ನ ಒಳಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಇನ್ನೊಬ್ಬರ ಕಾರ್ಖಾನೆ ಕೇಸ್‌ಗೆ ಹೊಂದಿದ ಪ್ರಮಾಣ ನಿಮ್ಮದಕ್ಕೆ ಹೊಂದುತ್ತದೆ ಎಂದುಕೊಳ್ಳಬಾರದು.

ಹೆಸರು ಬರೆದಿಡುವುದು

ನೀವು ಎಷ್ಟೇ ಚೆನ್ನಾಗಿ ಮಾರ್ಪಡಿಸಿದರೂ ಕೇಸ್‌ನ ತಳದಲ್ಲಿ ‘.30-06’ ಎಂದೇ ಒತ್ತಿರುತ್ತದೆ. ತುಂಬಿದ 8×57 ಕಾಡತೂಸನ್ನು .30-06 ರೈಫಲ್‌ಗೆ ಹಾಕಿದರೆ 8.2 ಮಿ.ಮೀ. ಗುಂಡು 7.8 ಮಿ.ಮೀ. ನಳಿಕೆಗೆ ನುಗ್ಗಬೇಕಾಗುತ್ತದೆ, ರೈಫಲ್ ಒಡೆದು ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಪ್ರತಿ ಕೇಸ್‌ನ ತಳಕ್ಕೆ ಅಳಿಸದ ಶಾಯಿಯ ಗುರುತು ಹಾಕಿ, ಬೇರೆ ಬಣ್ಣದ ಪೆಟ್ಟಿಗೆಯಲ್ಲಿಡಿ, ಪೆಟ್ಟಿಗೆಯ ಮೇಲೆ ಹೊಸ ಅಳತೆ, ಮೂಲ ಕೇಸ್, ಗೋಡೆಯ ದಪ್ಪ, ಹಾರಿಸಿದ ಸಲ ಇಷ್ಟನ್ನೂ ಬರೆಯಿರಿ. ಹಳೆಯ .30-06 ಪೆಟ್ಟಿಗೆಯನ್ನು ಮರುಬಳಕೆ ಮಾಡುವ ಆಸೆ ಬಿಡಿ. ಇವನ್ನು ಬೇರೆಯವರಿಗೆ ಕೊಡಲೂ ಬೇಡಿ. ಬಾಳಿಕೆ ಮುಗಿದ ಕೇಸ್‌ನ ಬಾಯನ್ನು ಇಕ್ಕಳದಿಂದ ಚಪ್ಪಟೆ ಮಾಡಿಯೇ ಗುಜರಿ ಡಬ್ಬಿಗೆ ಹಾಕಿ, ಇಲ್ಲವಾದರೆ ತಳದ ಬರಹ ನೋಡಿ ಯಾರಾದರೂ ಹೆಕ್ಕಿಕೊಂಡು .30-06 ಎಂದೇ ತುಂಬಲು ಕೂರುತ್ತಾರೆ.