ನನ್ನ ಕ್ರಾಸ್‌ಬೋ ಫೈಟರ್: ಒಂದು ಹೊಡೆತದಿಂದ ಮೂರಕ್ಕೆ

ಐದನೇ ಲೆವೆಲ್‌ಗೆ ಬಂದ ದಿನವೇ ನನ್ನ ಪಾತ್ರದ ಬಗ್ಗೆ ನನಗೆ ಮೊದಲ ಸಲ ಬೇಸರವಾಯಿತು. ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ, 2014ರ ನಿಯಮಗಳು; ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ನಡೆಸುವ ಆಟ. ನನ್ನದು ಹೆವಿ ಕ್ರಾಸ್‌ಬೋ (ದೊಡ್ಡ ಅಡ್ಡಬಿಲ್ಲು) ಹಿಡಿದ ಫೈಟರ್, ಗೆಳೆಯನದು ಲಾಂಗ್‌ಬೋ ಹಿಡಿದ ರೇಂಜರ್. ಇಬ್ಬರಿಗೂ ಎಕ್ಸ್‌ಟ್ರಾ ಅಟ್ಯಾಕ್, ಅಂದರೆ ಒಂದು ಸರದಿಯಲ್ಲಿ ಎರಡು ಹೊಡೆತ, ಸಿಕ್ಕಿತ್ತು. ಅವನು ತನ್ನ ಸರದಿಯಲ್ಲಿ ಎರಡು ಬಾಣ ಬಿಟ್ಟ. ನಾನೂ ಎರಡನೇ ಸಲ ದಾಳ ಎತ್ತಿಕೊಂಡಾಗ ಡಿಎಂ (ಆಟ ನಡೆಸುವವ) ತಡೆದ: "ಅದು ಲೋಡಿಂಗ್ ಆಯುಧ ಕಣೋ, ಒಂದೇ ಹೊಡೆತ."

ಅವನು ಹೇಳಿದ್ದು ಸರಿ. ಲೋಡಿಂಗ್ ಗುಣವಿರುವ ಆಯುಧದಿಂದ ಒಂದು ಆಕ್ಷನ್‌ಗೆ (ಸರದಿಯ ಮುಖ್ಯ ಕೆಲಸಕ್ಕೆ) ಒಂದೇ ಬಾಣ, ನಿಮ್ಮ ಬಳಿ ಎಷ್ಟು ಅಟ್ಯಾಕ್ ಇದ್ದರೂ ಅಷ್ಟೇ. ಪಾತ್ರ ಮಾಡುವಾಗ ನಾನು ನೋಡಿದ್ದು ಡ್ಯಾಮೇಜ್ (ಶತ್ರುವಿಗೆ ಬೀಳುವ ಪೆಟ್ಟು) ಅಳೆಯುವ ದಾಳವನ್ನು ಮಾತ್ರ. ಹೆವಿ ಕ್ರಾಸ್‌ಬೋಗೆ ಡಿ10 (ಹತ್ತು ಮುಖದ ದಾಳ), ಲಾಂಗ್‌ಬೋಗೆ ಡಿ8. ಸರಾಸರಿ ಲೆಕ್ಕದಲ್ಲಿ 5.5 ಮತ್ತು 4.5. ಆ ಒಂದು ಅಂಕದ ಆಸೆಗೆ ಇಡೀ ಒಂದು ಹೊಡೆತವನ್ನೇ ಬಿಟ್ಟುಕೊಟ್ಟಿದ್ದೆ.

ಲಾಂಗ್‌ಬೋಗೆ ಬದಲಾಯಿಸು ಎಂದು ಎಲ್ಲರೂ ಹೇಳಿದರು. ನನಗೆ ಮನಸ್ಸಾಗಲಿಲ್ಲ. ನನ್ನ ಪಾತ್ರ ಬೀಗ ರಿಪೇರಿ ಮಾಡುವವರ ಮಗಳು; ತೋಳಿನ ಬಲಕ್ಕಿಂತ ಸ್ಪ್ರಿಂಗು, ಕೀಲು, ಕೊಕ್ಕೆಗಳನ್ನು ನಂಬುವವಳು. ಅವಳ ಕೈಗೆ ಬೇರೆ ಬಿಲ್ಲು ಕೊಟ್ಟರೆ ಅವಳು ಅವಳಾಗಿ ಉಳಿಯುತ್ತಿರಲಿಲ್ಲ. ಡಿಎಂ ಹತ್ತಿರ ಕೇಳಿಕೊಂಡು, ಅದೇ ಪಾತ್ರವನ್ನು ಮೊದಲ ಲೆವೆಲ್‌ನಿಂದ ಮತ್ತೆ ಕಟ್ಟಿದೆ.

ಎಲ್ಲವೂ ನಿಂತಿರುವುದು ಕ್ರಾಸ್‌ಬೋ ಎಕ್ಸ್‌ಪರ್ಟ್ ಎಂಬ ಫೀಟ್ (ವಿಶೇಷ ಕೌಶಲ) ಮೇಲೆ. ಅದಕ್ಕೇ ಪಾತ್ರದ ಕುಲವಾಗಿ ವೇರಿಯಂಟ್ ಹ್ಯೂಮನ್ ಆರಿಸಿದೆ, ಮೊದಲ ಲೆವೆಲ್‌ನಲ್ಲೇ ಒಂದು ಫೀಟ್ ಸಿಗುತ್ತದೆ. ಈ ಫೀಟ್ ಮೂರು ಕೆಲಸ ಮಾಡುತ್ತದೆ. ಲೋಡಿಂಗ್ ಕಟ್ಟುಪಾಡನ್ನು ತೆಗೆದುಹಾಕುತ್ತದೆ. ಶತ್ರು ಐದು ಅಡಿಯೊಳಗೆ ಬಂದು ನಿಂತರೂ ಡಿಸ್‌ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಕಡಿಮೆಯದನ್ನು ಎಣಿಸುವುದು) ಇಲ್ಲದೆ ಹೊಡೆಯಬಹುದು. ಮೂರನೆಯದು, ಒಂದೇ ಕೈಯಲ್ಲಿ ಹಿಡಿಯುವ ಆಯುಧದಿಂದ ಅಟ್ಯಾಕ್ ಆಕ್ಷನ್ ಮಾಡಿದರೆ ಬೋನಸ್ ಆಕ್ಷನ್‌ನಲ್ಲಿ (ಸರದಿಗೊಂದು ಸಿಗುವ ಚಿಕ್ಕ ಕೆಲಸ) ಹ್ಯಾಂಡ್ ಕ್ರಾಸ್‌ಬೋದಿಂದ ಇನ್ನೊಂದು ಹೊಡೆತ. ಹ್ಯಾಂಡ್ ಕ್ರಾಸ್‌ಬೋ ತಾನೇ ಒಂದು ಕೈಯ ಆಯುಧ, ಹಾಗಾಗಿ ಎಲ್ಲ ಹೊಡೆತಕ್ಕೂ ಅದೊಂದೇ ಸಾಕು. ಎರಡು ಕೈಯಲ್ಲಿ ಎರಡು ಹಿಡಿದ ಚಿತ್ರ ನೋಡಲು ಚೆನ್ನ, ಆದರೆ ಬಾಣ ತುಂಬಲು ಒಂದು ಕೈ ಖಾಲಿ ಇರಲೇಬೇಕು. ಗುರಾಣಿ ಹಿಡಿಯುವ ನನ್ನ ಯೋಚನೆಯೂ ಇದೇ ಕಾರಣಕ್ಕೆ ಬಿದ್ದುಹೋಯಿತು.

ಹೀಗೆ ಡಿ10 ಬಿಟ್ಟು ಡಿ6ಕ್ಕೆ ಇಳಿದೆ. ಕೈ ನಡುಗಿತು, ನಿಜ. ಆದರೆ ಐದನೇ ಲೆವೆಲ್‌ನಲ್ಲಿ, ಡೆಕ್ಸ್‌ಟೆರಿಟಿ (ಚುರುಕುತನ) 16, ಅಂದರೆ ಪ್ರತಿ ಹೊಡೆತಕ್ಕೆ 3 ಹೆಚ್ಚು, ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಅದೇ ಫೀಟ್ ಇರುವ ಹೆವಿ ಕ್ರಾಸ್‌ಬೋ ಎರಡೂ ತಗುಲಿದರೆ ಸರಾಸರಿ 17. ಹ್ಯಾಂಡ್ ಕ್ರಾಸ್‌ಬೋ ಮೂರೂ ತಗುಲಿದರೆ 19.5. ಪ್ರತಿ ಹೊಡೆತಕ್ಕೂ ಏನಾದರೂ ಸೇರುತ್ತಾ ಹೋದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಆ ಸೇರ್ಪಡೆ ಬರುವುದು ನಾಲ್ಕನೇ ಲೆವೆಲ್‌ನಲ್ಲಿ ತೆಗೆದುಕೊಂಡ ಶಾರ್ಪ್‌ಶೂಟರ್ ಎಂಬ ಇನ್ನೊಂದು ಫೀಟ್‌ನಿಂದ: ಗುರಿಯ ದಾಳದಲ್ಲಿ (ಹೊಡೆತ ತಗುಲಿತೇ ಎಂದು ಹೇಳುವ ಇಪ್ಪತ್ತು ಮುಖದ ದಾಳ) 5 ಕಳೆದುಕೊಂಡರೆ ತಗುಲಿದಾಗ 10 ಹೆಚ್ಚು ಡ್ಯಾಮೇಜ್.

ಈ ಐದನ್ನು ಕಳೆಯಲು ನಾನು ಮೊದಮೊದಲು ಬಹಳ ಹಿಂಜರಿದೆ. ದಾಳ ಉರುಳಿಸಿ "ತಗುಲಲಿಲ್ಲ" ಎಂದು ಕೇಳುವುದು ನೋವಿನ ಸಂಗತಿ. ಕೊನೆಗೆ ಕಾಗದ ತೆಗೆದು ಲೆಕ್ಕ ಮಾಡಿದೆ. ಫೈಟರ್‌ಗೆ ಸಿಗುವ ಆರ್ಚರಿ ಶೈಲಿಯ 2 ಸೇರಿ ನನ್ನ ಗುರಿಯ ದಾಳಕ್ಕೆ ಒಟ್ಟು +8. ಆರ್ಮರ್ ಕ್ಲಾಸ್ (ಹೊಡೆತ ತಗುಲಲು ಮುಟ್ಟಬೇಕಾದ ಸಂಖ್ಯೆ) 15 ಇರುವ ಶತ್ರುವಿಗೆ ಮಾಮೂಲಿ ಹೊಡೆತ ತಗುಲುವ ಸಾಧ್ಯತೆ ಶೇ. 70, ಸರಾಸರಿ ಡ್ಯಾಮೇಜ್ 6.5, ಅಂದರೆ ಹೊಡೆತಕ್ಕೆ ಸುಮಾರು 4.5. ಐದು ಕಳೆದರೆ ಸಾಧ್ಯತೆ ಶೇ. 45ಕ್ಕೆ ಇಳಿಯುತ್ತದೆ, ಆದರೆ ತಗುಲಿದಾಗ 16.5, ಹೊಡೆತಕ್ಕೆ 7.4. ಆರ್ಮರ್ ಕ್ಲಾಸ್ 20 ಇದ್ದಾಗಲೂ ಕೂದಲೆಳೆಯಷ್ಟು ಲಾಭ ಉಳಿಯುತ್ತದೆ. 21 ಮುಟ್ಟಿದ ಮೇಲೆಯೇ ಇದು ನಷ್ಟದ ಬಾಬತ್ತು. ನಮ್ಮ ಮೂಲ ಡ್ಯಾಮೇಜ್ ಚಿಕ್ಕದು, ಅದಕ್ಕೇ ಹೀಗೆ: ತಪ್ಪಿದಾಗ ಕಳೆದುಕೊಳ್ಳುವುದು ಸ್ವಲ್ಪ, ತಗುಲಿದಾಗ ಬರುವುದು ಬಹಳ. ಶತ್ರು ಇನ್ನೇನು ಬೀಳುವ ಸ್ಥಿತಿಯಲ್ಲಿದ್ದರೆ ಮಾತ್ರ ಮಾಮೂಲಿ ಹೊಡೆತ ಸಾಕು. ಏಳು ಹಿಟ್ ಪಾಯಿಂಟ್‌ನ (ಜೀವಬಲದ) ಗಾಬ್ಲಿನ್ ಮೇಲೆ ಹದಿನಾರು ಸುರಿದು ಪ್ರಯೋಜನವಿಲ್ಲ.

ಮೂರನೇ ಲೆವೆಲ್‌ನಲ್ಲಿ ಫೈಟರ್‌ನ ಉಪವರ್ಗವಾದ ಬ್ಯಾಟಲ್ ಮಾಸ್ಟರ್ ಆರಿಸಿದ್ದು ಪ್ರಿಸಿಷನ್ ಅಟ್ಯಾಕ್ ಎಂಬ ತಂತ್ರಕ್ಕಾಗಿ. ಗುರಿಯ ದಾಳ ಉರುಳಿದ ಮೇಲೂ ಅದಕ್ಕೆ ಒಂದು ಡಿ8 ಸೇರಿಸಬಹುದು. ನಾಲ್ಕೇ ದಾಳ, ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಆದಮೇಲೆ ಮರಳಿ ಬರುತ್ತವೆ. ಆರಂಭದಲ್ಲಿ ಕಂಡಕಂಡಲ್ಲಿ ಖರ್ಚು ಮಾಡಿದೆ. ಈಗ ಮೊದಲ ಸುತ್ತಿನಲ್ಲಿ ಯಾವ ಸಂಖ್ಯೆ ತಗುಲಿತು, ಯಾವುದು ತಪ್ಪಿತು ಎಂದು ಬರೆದಿಟ್ಟುಕೊಂಡು ಶತ್ರುವಿನ ಆರ್ಮರ್ ಕ್ಲಾಸ್ ಊಹಿಸುತ್ತೇನೆ. ಒಂದೋ ಎರಡೋ ಅಂಕದಿಂದ ತಪ್ಪುತ್ತಿದ್ದರೆ ಡಿ8 ಬಹುತೇಕ ಖಂಡಿತ ಉಳಿಸುತ್ತದೆ. ನಾಲ್ಕು ಅಂಕ ಬೇಕಿದ್ದರೆ ಎಂಟರಲ್ಲಿ ಐದು ಪಾಲು ಅವಕಾಶ, ಅದೇ ನನ್ನ ಗಡಿ. ಅದಕ್ಕಿಂತ ದೂರ ಹೋದದ್ದನ್ನು ಬಿಟ್ಟುಬಿಡುತ್ತೇನೆ.

ಹ್ಯಾಂಡ್ ಕ್ರಾಸ್‌ಬೋದ ಮಾಮೂಲಿ ವ್ಯಾಪ್ತಿ 30 ಅಡಿ ಮಾತ್ರ ಎಂದು ಹೆದರುವವರಿದ್ದಾರೆ. ಶಾರ್ಪ್‌ಶೂಟರ್ ಇದ್ದರೆ 120 ಅಡಿಯವರೆಗೂ ಡಿಸ್‌ಅಡ್ವಾಂಟೇಜ್ ಇಲ್ಲ, ಅರ್ಧ ಮತ್ತು ಮುಕ್ಕಾಲು ಕವರ್ (ಶತ್ರುವಿಗಿರುವ ಮರೆ) ಕೂಡ ಲೆಕ್ಕಕ್ಕಿಲ್ಲ. ಬಾಣಗಳ ಕಡೆ ಮಾತ್ರ ನಿಗಾ ಇಡಿ. ಪ್ರತಿ ಸುತ್ತಿನಲ್ಲಿ ಮೂರು, ಆಕ್ಷನ್ ಸರ್ಜ್ (ಒಂದು ಹೆಚ್ಚುವರಿ ಆಕ್ಷನ್) ಬಳಸಿದರೆ ಐದು. ಬತ್ತಳಿಕೆಗೆ ಹಿಡಿಯುವುದು ಇಪ್ಪತ್ತೇ. ನಾನು ಮೂರು ಬತ್ತಳಿಕೆ ಇಟ್ಟುಕೊಂಡು, ಕಾಳಗ ಮುಗಿದ ಮೇಲೆ ತಪ್ಪದೆ ಒಂದು ನಿಮಿಷ ಹುಡುಕಿ ಅರ್ಧದಷ್ಟು ಬಾಣ ವಾಪಸು ಪಡೆಯುತ್ತೇನೆ. ಬೋನಸ್ ಆಕ್ಷನ್‌ಗೂ ಪೈಪೋಟಿ ಇದೆ. ಸೆಕೆಂಡ್ ವಿಂಡ್ (ಫೈಟರ್ ತನ್ನ ಹಿಟ್ ಪಾಯಿಂಟ್ ಮರಳಿ ಪಡೆಯುವುದು) ತೆಗೆದುಕೊಂಡ ಸುತ್ತಿನಲ್ಲಿ ಮೂರನೇ ಹೊಡೆತ ಇಲ್ಲ.

ಒಂದು ಮಾತು, 2024ರ ನಿಯಮಗಳಲ್ಲಿ ಆಡುವವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಶಾರ್ಪ್‌ಶೂಟರ್‌ನ ಐದು-ಹತ್ತರ ವ್ಯವಹಾರವೇ ಇಲ್ಲ. ಬದಲಿಗೆ ಆಯುಧಗಳಿಗೆ ಮಾಸ್ಟರಿ ಗುಣಗಳು ಬಂದಿವೆ: ಹ್ಯಾಂಡ್ ಕ್ರಾಸ್‌ಬೋ ತಗುಲಿ ಡ್ಯಾಮೇಜ್ ಆದರೆ ಅದೇ ಶತ್ರುವಿನ ಮೇಲಿನ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಎಣಿಸುವುದು), ಹೆವಿ ಕ್ರಾಸ್‌ಬೋ ತಗುಲಿದವರನ್ನು ಹತ್ತು ಅಡಿ ಹಿಂದೆ ತಳ್ಳಬಹುದು.

ನಾನು ಎಲ್ಲಕ್ಕಿಂತ ತಡವಾಗಿ ಕಲಿತದ್ದು ನಿಲ್ಲುವ ಜಾಗ. ಬಿಲ್ಲು ಹಿಡಿದವರು ದೂರ ನಿಲ್ಲಬೇಕು ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮ ಬಾರ್ಬೇರಿಯನ್‌ಗೆ ಶತ್ರುವನ್ನು ನೆಲಕ್ಕೆ ಕೆಡವುವುದು ಇಷ್ಟ. ನೆಲಕ್ಕೆ ಬಿದ್ದವನಿಗೆ ದೂರದಿಂದ ಹೊಡೆದರೆ ಡಿಸ್‌ಅಡ್ವಾಂಟೇಜ್, ಹಾಗಾಗಿ "ದಯವಿಟ್ಟು ಕೆಡವಬೇಡ ಮಾರಾಯ" ಎಂದು ಎಷ್ಟೋ ಸಲ ಬೇಡಿಕೊಂಡಿದ್ದೆ. ಆಮೇಲೊಂದು ದಿನ ನಿಯಮವನ್ನು ಪೂರ್ತಿ ಓದಿದೆ. ಬಿದ್ದವನ ಐದು ಅಡಿಯೊಳಗಿದ್ದರೆ ಹೊಡೆಯುವವರಿಗೆ ಅಡ್ವಾಂಟೇಜ್. ಹತ್ತಿರದಿಂದ ಬಾಣ ಬಿಡುವ ತೊಡಕನ್ನು ನನ್ನ ಫೀಟ್ ಆಗಲೇ ನಿವಾರಿಸಿತ್ತು. ಅಡ್ವಾಂಟೇಜ್ ಇದ್ದರೆ ಆ ಶೇ. 45 ಮತ್ತೆ ಶೇ. 70ರ ಹತ್ತಿರ ಬರುತ್ತದೆ.

ಮುಂದಿನ ಆಟದಲ್ಲಿ ಎದುರಾದದ್ದು ಟ್ರಾಲ್, ಆರ್ಮರ್ ಕ್ಲಾಸ್ 15. ಬಾರ್ಬೇರಿಯನ್ ಅದನ್ನು ಕೆಡವಿ, ರೂಢಿಯಂತೆ ನನ್ನ ಕಡೆ ನೋಡಿ ಕ್ಷಮೆ ಕೇಳಿದ. ನಾನು ನನ್ನ ಪಾತ್ರದ ಗೊಂಬೆಯನ್ನು ಎತ್ತಿ ಟ್ರಾಲ್‌ನ ಪಕ್ಕದ ಚೌಕಕ್ಕೇ ತಂದಿಟ್ಟೆ. ಆಕ್ಷನ್ ಸರ್ಜ್, ಐದು ಹೊಡೆತ, ಐದರಲ್ಲೂ ಐದು ಕಳೆದೆ. ನಾಲ್ಕು ತಗುಲಿದವು. ಟ್ರಾಲ್‌ನ ಗಾಯ ತಾನಾಗಿ ಮಾಯುವಷ್ಟರಲ್ಲಿ ವಿಝಾರ್ಡ್ ಅದನ್ನು ತಡೆಯುವ ಬೆಂಕಿಯ ಮಂತ್ರ ಬರ್ನಿಂಗ್ ಹ್ಯಾಂಡ್ಸ್ ಸುರಿದ, ಟ್ರಾಲ್ ಮತ್ತೆ ಏಳಲಿಲ್ಲ. ಅಂದಿನಿಂದ ಬಾರ್ಬೇರಿಯನ್ ಯಾರನ್ನಾದರೂ ಕೆಡವುವ ಮೊದಲು "ಬರ್ತೀಯಾ?" ಎಂದು ಕೇಳುತ್ತಾನೆ, ನಾನು ಆಗಲೇ ಗೊಂಬೆ ಎತ್ತಿಕೊಂಡಿರುತ್ತೇನೆ.