ಕ್ಯಾಲೆಂಡರ್ ಬರೆಯುವಾಗ ತಾರೀಕು ತಪ್ಪದಿರಲಿ

ಜಾವಾಸ್ಕ್ರಿಪ್ಟ್‌ನಲ್ಲಿ ಲೂಪ್ ಕಲಿತ ಕೂಡಲೇ ಬಹಳ ಮಕ್ಕಳು ಒಂದು ತಿಂಗಳ ಕ್ಯಾಲೆಂಡರ್ ಮಾಡಲು ಕೂರುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ: ಲೂಪಿನೊಳಗೆ ತಾರೀಕನ್ನು ಮುಂದಕ್ಕೆ ಹಾಕುವಾಗ. ಪಕ್ಕದಲ್ಲಿ ಕೂತು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. 2024ರ ಆಗಸ್ಟ್ ತಿಂಗಳನ್ನೇ ತೆಗೆದುಕೊಳ್ಳೋಣ.

1. ಏಳು ಕಾಲಮ್ಮಿನ ಟೇಬಲ್ ಹಾಕಿ. ಭಾನುವಾರದಿಂದ ಶನಿವಾರದವರೆಗೆ ಹೆಸರು ಬರೆಯಿರಿ.

2. ತಿಂಗಳ ಮೊದಲ ದಿನ ಹಿಡಿಯಿರಿ: ನ್ಯೂ ಡೇಟ್ (2024, 7, 1). ಆಗಸ್ಟ್‌ಗೆ 8 ಅಲ್ಲ, 7. ಇಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ, ತಾರೀಕು ಮಾತ್ರ 1ರಿಂದ. 1995ರಲ್ಲಿ ಈ ಭಾಷೆ ಕಟ್ಟಿದಾಗ ಜಾವಾದ ಡೇಟ್ ಅನ್ನೇ ಮಾದರಿ ಮಾಡಿಕೊಂಡರು, ಆ ರೂಢಿ ಇವತ್ತಿಗೂ ಉಳಿದಿದೆ. ಗೆಟ್‌ಡೇ ಕೇಳಿದರೆ 4 ಬರುತ್ತದೆ, ಭಾನುವಾರ 0 ಎಂದು ಎಣಿಸಿದರೆ ಅದು ಗುರುವಾರ. ನಾಲ್ಕು ಮನೆ ಖಾಲಿ ಬಿಡಿ. ಗೆಟ್‌ಡೇ ಕೊಡುವುದು ವಾರ, ಗೆಟ್‌ಡೇಟ್ ಕೊಡುವುದು ತಾರೀಕು. ಇವೆರಡನ್ನು ಅದಲುಬದಲು ಮಾಡಬೇಡಿ.

3. ತಿಂಗಳಿಗೆ ಎಷ್ಟು ದಿನ? ಹನ್ನೆರಡು ಅಂಕಿಗಳ ಪಟ್ಟಿ, ಅಧಿಕ ವರ್ಷಕ್ಕೊಂದು ಇಫ್, ಯಾವುದೂ ಬೇಡ. ಮುಂದಿನ ತಿಂಗಳ ಸೊನ್ನೆಯ ದಿನ ಕೇಳಿ: ನ್ಯೂ ಡೇಟ್ (2024, 8, 0). ಅದು ಆಗಸ್ಟ್ 31. ಸುಮ್ನೆ 31 ಅಂತ ಬರೆದುಬಿಟ್ಟರೆ ಫೆಬ್ರವರಿಯಲ್ಲಿ ಎರರ್ ಕೂಡ ಬರುವುದಿಲ್ಲ. 2024ರ ಫೆಬ್ರವರಿ 30 ಅಂದರೆ ಅದು ಸದ್ದಿಲ್ಲದೆ ಮಾರ್ಚ್ 1 ಕೊಡುತ್ತದೆ.

4. ಈಗ ಲೂಪ್. ಇಲ್ಲಿ ನಿಧಾನ ಮಾಡಿ. ಮಕ್ಕಳು ಲೂಪಿನ ಹೊರಗೆ ಒಂದು ಡೇಟ್ ಮಾಡಿಕೊಳ್ಳುತ್ತಾರೆ. ಒಳಗೆ ಅದನ್ನು ಅರೇಗೆ, ಅಂದರೆ ಪಟ್ಟಿಗೆ, ಪುಶ್ ಮಾಡಿ, ಸೆಟ್‌ಡೇಟ್‌ನಿಂದ ಒಂದು ದಿನ ಮುಂದಕ್ಕೆ ತಳ್ಳುತ್ತಾರೆ. ಕೊನೆಗೆ ನೋಡಿದರೆ 31 ಮನೆಯಲ್ಲೂ ಸೆಪ್ಟೆಂಬರ್ 1! ಅರೇಯಲ್ಲಿ 31 ತಾರೀಕು ಇಲ್ಲ, ಒಂದೇ ಡೇಟ್ ಅನ್ನು 31 ಸಲ ಇಟ್ಟಂತಾಗಿದೆ. ಸೆಟ್‌ಡೇಟ್ ಹೊಸದನ್ನು ಕೊಡುವುದಿಲ್ಲ, ಇರುವುದನ್ನೇ ಬದಲಿಸುತ್ತದೆ. ಹಾಗಾಗಿ ಲೂಪಿನಲ್ಲಿ ಓಡಬೇಕಾದ್ದು ಬರೀ ಅಂಕಿ. ಐ 1ರಿಂದ ಮೂರನೇ ಹಂತದಲ್ಲಿ ಸಿಕ್ಕ ಕೊನೆಯ ದಿನದವರೆಗೆ (ಇಲ್ಲಿ 31) ಹೋಗಲಿ, ಪ್ರತಿ ಸುತ್ತಿನಲ್ಲೂ ನ್ಯೂ ಡೇಟ್ (2024, 7, ಐ) ಅಂತ ಹೊಸದಾಗಿ ಮಾಡಿ. ನಾನು ಬೇರೆ ದಾರಿ ಹೇಳಿಕೊಡುವುದೇ ಇಲ್ಲ.

ಮುಂದಿನ ದಿನಕ್ಕೆ ಹೋಗಲು 24 ಗಂಟೆಯ ಮಿಲಿಸೆಕೆಂಡ್ ಕೂಡಿಸುವ ಅಡ್ಡದಾರಿಯೂ ಬೇಡ. ನಮ್ಮಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನ ಮನೆಯಲ್ಲಿ ಕೆಡುತ್ತದೆ. ಅಲ್ಲಿ ಬಹುತೇಕ ಕಡೆ ಚಳಿಗಾಲಕ್ಕೆ ಮುಂಚೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2024ರ ನವೆಂಬರ್ 3ಕ್ಕೆ ಅಲ್ಲಿ 25 ಗಂಟೆ, ಆ ತಾರೀಕು ಎರಡು ಸಲ ಬರುತ್ತದೆ.

ಹಳೆಯ ವಿಡಿಯೊಗಳು ಮೊಮೆಂಟ್ ಲೈಬ್ರರಿ (ತಾರೀಕಿನ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಕೋಡ್) ಹಾಕಿಕೊಳ್ಳಿ ಅನ್ನುತ್ತವೆ. ಹೊಸ ಕೆಲಸಕ್ಕೆ ಅದು ಬೇಡ ಅಂತ 2020ರಲ್ಲಿ ಅದನ್ನು ನೋಡಿಕೊಳ್ಳುವವರೇ ಹೇಳಿದ್ದಾರೆ. ಇಷ್ಟು ಚಿಕ್ಕ ಕೆಲಸಕ್ಕೆ ಲೈಬ್ರರಿ ಯಾಕೆ, ಅಲ್ವಾ?

5. ತೋರಿಸುವಾಗ ಟುಐಎಸ್ಒಸ್ಟ್ರಿಂಗ್ ಬಳಸಬೇಡಿ. ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯ, ಕೊಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆಗಸ್ಟ್ 15ರ ನಡುರಾತ್ರಿ ಅಲ್ಲಿ ಇನ್ನೂ 14ರ ಸಂಜೆ ಆರೂವರೆ. ನಿಮ್ಮ ಸ್ವಾತಂತ್ರ್ಯ ದಿನ ಒಂದು ದಿನ ಹಿಂದೆ ಹೋಗುತ್ತದೆ. ಮನೆಯೊಳಗಿನ ಅಂಕಿಗೆ ಗೆಟ್‌ಡೇಟ್ ಸಾಕು.

6. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಸೆನ್ಸರ್ಸ್ ತೆರೆದು, ಅಮೆರಿಕದ ಸಮಯದಲ್ಲೂ ಸರಿ ಬರುತ್ತದೆಯೇ ನೋಡಲು ಸ್ಯಾನ್ ಫ್ರಾನ್ಸಿಸ್ಕೊ ಆರಿಸಿ, ಪುಟವನ್ನು ರಿಲೋಡ್ ಮಾಡಿ. 2024ರ ಫೆಬ್ರವರಿ ಮತ್ತು ನವೆಂಬರ್ ಎರಡನ್ನೂ ತೆಗೆದು ಒಂದೊಂದೇ ಮನೆ ನೋಡಿ.