ಜಾಮೀನು ಸಿಕ್ಕಿತು, ಹುಡುಗ ಬರಲಿಲ್ಲ

ನಾಗರಹೊಳೆ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಕಾನೂನು ನೆರವಿನ ಸ್ವಯಂಸೇವಕಿಯಾಗಿ ಓಡಾಡುತ್ತಿದ್ದ ಮೊದಲ ವರ್ಷ, ಜಾಮೀನು ಮಂಜೂರಾದರೆ ಕೆಲಸ ಮುಗಿಯಿತೆಂದೇ ನಂಬಿದ್ದೆ. ಅರಣ್ಯ ಮೊಕದ್ದಮೆಯೊಂದರಲ್ಲಿ ಸಿಲುಕಿದ್ದ ಜೇನುಕುರುಬರ ಹುಡುಗನಿಗೆ ಆದೇಶವಾಯಿತು. ಹಾಡಿಗೆ ಹೋಗಿ ಸುದ್ದಿ ಮುಟ್ಟಿಸಿ, ಕಾಫಿ ಕುಡಿದು ಬಂದೆ. ಮೂರು ವಾರದ ನಂತರ ಅವನ ತಾಯಿ ಎದುರಾಗಿ ಕೇಳಿದರು: "ಬಿಡುತ್ತಾರೆ ಎಂದಿರಲ್ಲಮ್ಮ, ಮಗ ಎಲ್ಲಿ?"

ಜೈಲಿನಲ್ಲೇ ಇದ್ದ. ಶ್ಯೂರಿಟಿಗೆ, ಅಂದರೆ ಅವನ ಪರ ಹೊಣೆ ನಿಲ್ಲುವವರಿಗೆ, ಪಹಣಿ ಬೇಕು. ಹಾಡಿಯಲ್ಲಿ ಒಬ್ಬರ ಹೆಸರಿನಲ್ಲೂ ಪಹಣಿ ಇಲ್ಲ. ಇಬ್ಬರ ಬಳಿ ಅರಣ್ಯ ಹಕ್ಕುಪತ್ರವಿತ್ತು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಆ ಭೂಮಿ ಮಕ್ಕಳಿಗೆ ಹೋಗುತ್ತದೆಯೇ ಹೊರತು ಪರಭಾರೆಯಾಗುವುದಿಲ್ಲ. ಇದು ಭದ್ರತೆಗೆ ನಡೆಯದು ಎಂದು ಗುಮಾಸ್ತರು ಹಿಂದಿರುಗಿಸಿದರು.

ಆಗ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹುಡುಗ ಕೂಲಿಗೆ ಹೋಗುತ್ತಿದ್ದ ಕಾಫಿ ತೋಟದ ಮಾಲೀಕರನ್ನೇ ಕೈಮುಗಿದು ಕೇಳಿಕೊಂಡೆ. ಸಹಿ ಹಾಕಿದರು, ಹುಡುಗ ಹೊರಬಂದ. ಆಮೇಲೆ ತೋಟ ಬಿಟ್ಟು ಕದಲಲಾಗಲಿಲ್ಲ. ಬಾಕಿ ಕೂಲಿ ಕೇಳಿದರೆ, "ಶ್ಯೂರಿಟಿ ಹಿಂದಕ್ಕೆ ಪಡೆಯಲೇ?" ಎಂಬ ಪ್ರಶ್ನೆ. ಜೀತ ಪದ್ಧತಿ 1976ರಲ್ಲೇ ಕಾನೂನಿನಿಂದ ರದ್ದಾಗಿದೆ. ಅದಕ್ಕೆ ಹಿಂಬಾಗಿಲು ತೆಗೆದವಳು ನಾನು.

ಅನಂತರ ಯಾವ ಧಣಿಯ ಮನೆಗೂ ಹೋಗಲಿಲ್ಲ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಕೈಗೆ ಸಿಕ್ಕಿತ್ತು: ಜಾಮೀನಾಗಿ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು; ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ತಿಂಗಳು ಕಾಯುವವರು ಯಾರು? ಎಂಟನೆಯ ದಿನವೇ ವಕೀಲರಿಂದ ಸ್ವಂತ ಮುಚ್ಚಳಿಕೆಗೆ, ಅಂದರೆ ಬೇರೆಯವರ ಶ್ಯೂರಿಟಿ ಇಲ್ಲದೆ ಕೈದಿಯ ಸ್ವಂತ ಬಾಂಡಿನ ಮೇಲೆ ಬಿಡುಗಡೆಗೆ, ಅರ್ಜಿ ಹಾಕಿಸುತ್ತೇನೆ.

ಅರ್ಜಿಯ ತೂಕವೆಲ್ಲ ಲಗತ್ತುಗಳಲ್ಲಿ. ಪಡಿತರ ಚೀಟಿ, ಉದ್ಯೋಗ ಖಾತ್ರಿ ಕಾರ್ಡು ಇದ್ದೇ ಇರುತ್ತವೆ. ಜೊತೆಗೆ ಅರಣ್ಯ ಹಕ್ಕು ಸಮಿತಿಯಿಂದ ಒಂದು ಪತ್ರ ಬರೆಸುತ್ತೇನೆ: ಅವನ ಅಜ್ಜನನ್ನು ಹೂಳಿದ್ದು ಎಲ್ಲಿ, ವರ್ಷದ ಪೂಜೆಗೆ ಅವನ ಮನೆಯವರು ಯಾವ ದೇವರ ಬಳಿ ಸೇರುತ್ತಾರೆ, ಅವನ ದುಡಿಮೆಯನ್ನು ನಂಬಿದವರು ಎಷ್ಟು ಮಂದಿ. ಊರು ಬಿಟ್ಟು ಓಡುವವನಲ್ಲ ಎನ್ನಲು ಪಹಣಿಗಿಂತ ಇದು ಗಟ್ಟಿ ಸಾಕ್ಷಿ. ಒಪ್ಪದ ನ್ಯಾಯಾಧೀಶರೂ ಇದ್ದಾರೆ; ಮತ್ತೆ ಹಾಕಿಸುತ್ತೇನೆ.

ಇನ್ನು ವಾಯಿದೆ, ಕೋರ್ಟಿಗೆ ಹಾಜರಾಗಬೇಕಾದ ದಿನ. ತಪ್ಪಿದರೆ ವಾರೆಂಟ್. ತಾರೀಖು ಹೇಳಿದರೆ ಮರೆಯುತ್ತಾರೆ, ಸಂತೆ ಮರೆಯುವುದಿಲ್ಲ. "ಮೂರನೆಯ ಸಂತೆಯ ಮರುದಿನ" ಎನ್ನುತ್ತೇನೆ.

ಮೊದಲ ಹುಡುಗನ ಶ್ಯೂರಿಟಿಯನ್ನೂ ಹೀಗೆಯೇ ಬದಲಾಯಿಸಿಕೊಂಡೆವು. ಅವನೀಗ ಆ ತೋಟಕ್ಕೆ ಹೋಗುವುದಿಲ್ಲ. ಬಾಕಿ ಕೂಲಿ ಮಾತ್ರ ಇನ್ನೂ ಬರಬೇಕು. ಆ ಅರ್ಜಿ ನನ್ನ ಚೀಲದಲ್ಲಿದೆ.